ರಬ್ಬರ್ ಕೈ

"ಏ ಮೋಟುಗೈ, ಕೈ ಎತ್ತೇ ಮೇಲೆ! ಅದಲ್ಲ ಕತ್ತೆ, ಹೊಸಾದು!"

ಮೇಸ್ತ್ರಿ ಕೂಗಿದ. ಎಡಗೈಯಿಂದ ಬಲಗೈ ಹಿಡಿದು ಎತ್ತಿದೆ. ಮೊಣಕೈವರೆಗೆ ನನ್ನದು, ಅಲ್ಲಿಂದಾಚೆಗೆ ಕಂಪನಿಯದು. ಉಗುರಿಗೆ ಬಣ್ಣ ಬೇರೆ ಬಳಿದಿದ್ದರು. ಹುಟ್ಟಿದಾಗಿನಿಂದ ನನ್ನ ಉಗುರು ಅಷ್ಟು ಚೆಂದವಿದ್ದದ್ದೇ ಇಲ್ಲ, ಹಾಳಾದ್ದು.

ಕಾರ್ಖಾನೆಯ ಅಂಗಳದಲ್ಲೇ ಕೈ ದಾನದ ವೇದಿಕೆ. ಸಾಲಾಗಿ ನಾವು ಒಂಬತ್ತು ಜನ. ಎಲ್ಲರ ಕೈಯನ್ನೂ ತಿಂದದ್ದು ಎದುರಿನ ಆ ಒಂದೇ ಶೆಡ್ಡು. ತಗಡಿನಿಂದ ಡಬ್ಬಿಯ ಮುಚ್ಚಳ ಕತ್ತರಿಸುವ ಪ್ರೆಸ್ಸುಗಳು ಅಲ್ಲಿವೆ. ಹೊಡೆತ ಬಿದ್ದಾಗಲೆಲ್ಲ ಅಂಗಳದ ನೆಲ ನಡುಗುತ್ತದೆ. ನನ್ನ ಕೈ ಹೋಗಿ ಎರಡು ವರ್ಷ. ಹೋದ ಬೆರಳುಗಳು ಈಗಲೂ ಪ್ರತಿ ಹೊಡೆತಕ್ಕೂ ಬೆಚ್ಚಿ ಹಿಂದೆಳೆದುಕೊಳ್ಳುತ್ತವೆ. ರಾತ್ರಿಯೆಲ್ಲ ತುರಿಸುತ್ತವೆ. ಏನನ್ನು ಕೆರೆದುಕೊಳ್ಳಲಿ?

ಬೆಳಿಗ್ಗೆ ನನ್ನ ಮಗಳು ನನ್ನದೇ ಪ್ರೆಸ್ಸಿನ ಮುಂದೆ, ನನ್ನದೇ ಸ್ಟೂಲಿನ ಮೇಲೆ ಕೂತಿದ್ದಳು. ಮೊದಲ ದಿನ. ಬೆರಳು ಒಳಗಿದ್ದರೆ ಪ್ರೆಸ್ಸು ಹೊಡೆಯದಂತೆ ತಡೆಯುವ ಜಾಲರಿಯನ್ನು ಬಿಚ್ಚಿ ಮೂಲೆಗೆಸೆದಿದ್ದರು, ನನ್ನ ಕಾಲದಲ್ಲಿ ಎಸೆದಿದ್ದ ಹಾಗೆಯೇ.

"ಅಣ್ಣಾ, ಜಾಲರಿ ಹಾಕಿಸಣ್ಣಾ. ಕೂತಿರೋದು ನನ್ ಮಗಳು," ಎಂದು ಮೇಸ್ತ್ರಿಯ ಕಾಲು ಹಿಡಿದಿದ್ದೆ.

"ಜಾಲರಿ ಹಾಕಿದ್ರೆ ಗಂಟೆಗೆ ಇನ್ನೂರು ಮುಚ್ಚಳ ಕಮ್ಮಿ ಬೀಳುತ್ತೆ. ನಿಮ್ಮಪ್ಪ ಬಂದು ಒತ್ತುತಾನಾ? ಪುಕ್ಸಟ್ಟೆ ಕೈ ಕೊಡಿಸ್ತಿಲ್ವಾ ನಿಂಗೆ? ಬಾಯ್ ಮುಚ್ಕೊಂಡು ನಗು ಇವತ್ತು."

ಬಾಯಿ ಮುಚ್ಚಿಕೊಂಡು ನಗುವುದು ಹೇಗೋ, ಆ ವಿದ್ಯೆ ನನಗೆ ಬಾರದು.

ಯಜಮಾನರು ಮೈಕಿನ ಮುಂದೆ ನಿಂತರು. "ದಾನ ಅಂದ್ರೆ ಬರೀ ಕೊಡೋದಲ್ಲ. ಊರಿಗೂ ಒಳ್ಳೇದು, ಕಂಪನಿಗೂ ಒಳ್ಳೇದು. ನಾವು ಕೈ ಕೊಡೋ ಸುದ್ದಿ ಕೇಳಿ ಹೊರದೇಶದವರು ದೊಡ್ಡ ಆರ್ಡರ್ ಕೊಟ್ಟಿದಾರೆ. ಇನ್ಮೇಲೆ ನಿಮ್ಮ ಮಕ್ಕಳಿಗೂ ಇಲ್ಲೇ ಕೆಲಸ!"

ಚಪ್ಪಾಳೆ ಬಿತ್ತು. ನಮ್ಮ ಸಾಲಿನಿಂದ ಮಾತ್ರ ರಬ್ಬರಿಗೆ ತಟ್ಟಿದ ಮೆತ್ತನೆಯ ಸದ್ದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರೆ; ಇಲ್ಲಿ ಮೂರು ಕ್ಯಾಮೆರಾ ನಿಲ್ಲಿಸಿದ್ದರು.

ನನ್ನ ಸರದಿ ಬಂತು. ಯಜಮಾನರು ರಬ್ಬರ್ ಕೈ ಕುಲುಕಿ, ಬಿಡದೆ, ಕ್ಯಾಮೆರಾ ಕಡೆ ತಿರುಗಿ ಕೇಳಿದರು: "ಈಗ ಹೇಗನ್ಸುತ್ತಮ್ಮಾ?"

ಶೆಡ್ಡಿನೊಳಗೆ ಪ್ರೆಸ್ಸು ಹೊಡೆಯಿತು. ಇಲ್ಲದ ನನ್ನ ಬೆರಳುಗಳು ಹಿಂದೆಳೆದುಕೊಂಡವು. ಹೆದರಿಕೆಯಾಯಿತು. ನನ್ನ ಬೆರಳಿಗೆ ಇನ್ನೇನು ಹೆದರಿಕೆ, ಹೆದರಿದ್ದು ಮಗಳ ಬೆರಳಿಗಾಗಿ.

ರಬ್ಬರ್ ಕೈಯನ್ನು ತೋಳಿಗೆ ಬಿಗಿದಿದ್ದ ಪಟ್ಟಿಯನ್ನು ಎಡಗೈಯಿಂದ ಬಿಚ್ಚಿದೆ.

"ಜಾಲರಿ ಹಾಕಿಸಲ್ಲ ಅಂದ್ರೆ ಇದನ್ನ ನೀವೇ ಇಟ್ಕೊಳಿ ಸಾಮಿ. ನನ್ ಮಗಳ ಅಳತೇನೂ ಇದೇ."

"ಏ ಮುಂಡೇ!" ಎಂದು ಮೇಸ್ತ್ರಿ ಓಡಿಬಂದ. ನಾನು ಆಗಲೇ ವೇದಿಕೆ ಇಳಿದು ಶೆಡ್ಡಿನತ್ತ ನಡೆದಿದ್ದೆ, ಮಗಳನ್ನು ಆ ಸ್ಟೂಲಿನಿಂದ ಎಬ್ಬಿಸಲು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದೆ. ಯಜಮಾನರು ಆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದೇ ನಿಂತಿದ್ದರು. ಒಳಗೆ ಹೊಡೆತ ಬಿದ್ದಾಗಲೆಲ್ಲ ಅದರ ಐದೂ ಬೆರಳು ನಡುಗುತ್ತಿದ್ದವು.