ಅಯ್ಯನವರ ಪಾದ

ಅಯ್ಯನವರ ಬಲಪಾದಕ್ಕೆ ನೀರು ಸುರಿದು ಕೈಯಾಡಿಸಿದ ಸುಮಿತ್ರಮ್ಮ ಅರೆಗಳಿಗೆ ತಡೆದಳು. ಪಾದ ಸುಡುತ್ತಿತ್ತು. ಎಡಪಾದ ಮುಟ್ಟಿ ನೋಡಿದಳು, ಅದೂ ಹಾಗೆಯೇ. ತಲೆಯೆತ್ತಿದರೆ ಅಯ್ಯನವರು ಮಣೆಯ ಮೇಲೆ ಕಣ್ಣುಮುಚ್ಚಿ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಮದರಾಸಿನ ಜೂನ್ ತಿಂಗಳಲ್ಲಿ ಯಾರಿಗೆ ಬೆವರುವುದಿಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅದು ಬೆವರಿನ ಮಾತಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಪುರಸೈವಾಕ್ಕಂನ ಆ ಮಹಡಿಯ ಮೇಲೆ ಹನ್ನೊಂದು ಮನೆಯ ಲಿಂಗವಂತರು ಮಕ್ಕಳುಮರಿ ಸಮೇತ ಒತ್ತೊತ್ತಾಗಿ ನೆರೆದಿದ್ದರು. ಸೊಸೆ ಜಗದೇವಿ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕುಬುಸದ ಸೀಮಂತಕ್ಕೆ ಕೂತಿದ್ದಳು. ಎರಡು ಸಲ ಮೂರು ತಿಂಗಳಿಗೇ ಇಳಿದುಹೋಗಿ, ಈ ಸಲ ಏಳಕ್ಕೆ ಬಿದ್ದ ಬಸಿರು. ಗುರು ಉಂಡ ತಟ್ಟೆಯ ಮೊದಲ ತುತ್ತು ಬಸುರಿಗೆ ಸಲ್ಲಬೇಕೆಂಬುದು ಆ ಮನೆತನದ ಪದ್ಧತಿ. ಅದಕ್ಕೆಂದೇ ಎಪ್ಪತ್ತರ ಮುದುಕರನ್ನು ಗುಲಬರ್ಗಾದಿಂದ ರೈಲು ಹತ್ತಿಸಿ ಕರೆಸಿದ್ದರು. ಅಂಥವರಿಗೆ, ನಿಮಗೆ ಜ್ವರ ಬಂದಿದೆ, ಏಳಿ ಎನ್ನುವುದಕ್ಕೆ ಬಾಯಿಯಾದರೂ ಹೇಗೆ ಬರಬೇಕು?

ಸುಮಿತ್ರಮ್ಮ ಮಾತು ನುಂಗಿದಳು. ಪಾದ ಒರೆಸಿ, ಪಾದೋದಕವನ್ನು ಬೆಳ್ಳಿ ಬಟ್ಟಲಿಗೆ ತುಂಬಿಕೊಂಡು ಎಲ್ಲರ ಅಂಗೈಗೂ ಹಾಕುತ್ತ ಬಂದಳು. ಇಷ್ಟು ಜನ ಕಾದಿರುವಾಗ ಶುಭಕಾರ್ಯ ಕೆಡಿಸಬಾರದೆಂದು ಅಯ್ಯನವರೂ ತಮ್ಮ ಸಂಕಟ ನುಂಗಿದರು. ನಾಲ್ಕು ತುತ್ತು ಕಷ್ಟಪಟ್ಟು ಉಂಡರು, ಎರಡು ಸಲ ಶಾಲು ಬಾಯಿಗೊತ್ತಿ ಕೆಮ್ಮಿದರು, ಐದನೆಯ ತುತ್ತು ಕಲಸಿ ಜಗದೇವಿಯ ಕೈಗಿಟ್ಟರು. ಅವಳು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಮಿಕ್ಕದ್ದನ್ನು ಎಲ್ಲರೂ ಚಿಟಿಕೆ ಚಿಟಿಕೆ ಹಂಚಿಕೊಂಡರು. ಪ್ರಸಾದದಲ್ಲಿ ಒಂದು ಅಗುಳೂ ಉಳಿಯಬಾರದು, ಉಳಿಯಲೂ ಇಲ್ಲ.

ಮುತ್ತೈದೆಯರು ಆರತಿ ಎತ್ತಿ ಮುಗಿಸುವಷ್ಟರಲ್ಲಿ ಅಯ್ಯನವರು ಕೂತಲ್ಲೇ ವಾಲಿದರು. ಅವರನ್ನು ಒಳಕೋಣೆಯಲ್ಲಿ ಮಲಗಿಸಿದ ಮೇಲೆ ಸುಮಿತ್ರಮ್ಮನ ಮಗ, ಜಗದೇವಿಯ ಗಂಡ ಏಕಾಂತಪ್ಪ ಒಂದೊಂದೇ ಲೆಕ್ಕ ಹಾಕಿದ. ಅದೇ ಬೀದಿಯಲ್ಲಿ ಇಳಕಲ್ ಸೀರೆ ಮಾರುತ್ತಿದ್ದವನು ಅವನು. ಅಯ್ಯನವರು ಮೊದಲು ಎರಡು ದಿನ ಇಳಿದುಕೊಂಡದ್ದು ಮದರಾಸಿನದೇ ರಾಯಪುರಂನಲ್ಲಿ, ರೇವಣಸಿದ್ದಪ್ಪನ ಮನೆಯಲ್ಲಿ. ರೇವಣಸಿದ್ದಪ್ಪ ಹಾರ್ಬರಿನ ಗುಮಾಸ್ತ. ಹಡಗಿನಲ್ಲಿ ಬಂದ ಹೊಸ ಜ್ವರ ಎಂದು ಪೇಪರಿನವರು ಬರೆಯುತ್ತಿದ್ದುದು ಇದನ್ನೇ. ಕುಬುಸಕ್ಕೆ ಅವನೊಬ್ಬ ಯಾಕೆ ಬಂದಿಲ್ಲ ಎಂದು ಯಾರೂ ಕೇಳಿರಲಿಲ್ಲ.

ಮೂರನೆಯ ದಿನಕ್ಕೆ ಹನ್ನೊಂದರಲ್ಲಿ ಒಂಬತ್ತು ಮನೆಯವರು ಹಾಸಿಗೆ ಹಿಡಿದರು. ವಾರವಾರ ಅದೇ ಮಹಡಿಯಲ್ಲಿ ಸೇರುತ್ತಿದ್ದ ಸೋಮವಾರದ ಪ್ರಾರ್ಥನೆಗೆ ಬಂದದ್ದು ಪಕ್ಕದ ಬೀದಿಯ ಒಂದು ಪುಟ್ಟ ಹುಡುಗಿ ಮಾತ್ರ. ಅದೂ ಮೆಟ್ಟಿಲ ಕೆಳಗೇ ನಿಂತು, "ಅಮ್ಮಾವುಕ್ಕು ಜುರಂ, ವರಮಾಟ್ಟಾಂಗ" ಎಂದು, ಅಮ್ಮನಿಗೆ ಜ್ವರ, ಬರುವುದಿಲ್ಲವೆಂದು, ತಮಿಳಿನಲ್ಲಿ ಒಪ್ಪಿಸಿ ಓಡಿತು. ಅಷ್ಟು ಹೊತ್ತಿಗೆ ಜಗದೇವಿಯ ಮೈಯೂ ಕಾಯುತ್ತಿತ್ತು.

ಸುಮಿತ್ರಮ್ಮ ಶುಂಠಿ ಕಷಾಯ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಮನೆಯ ಲಿಂಗಕ್ಕೆ ಹರಕೆ ಕಟ್ಟಿದಳು. ಹರ ಮುನಿದರೂ ಗುರು ಕಾಯುತ್ತಾನೆ ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿದವಳು ಅವಳು. ಆ ಗುರು ಒಳಕೋಣೆಯಲ್ಲಿ ಕೆಮ್ಮುತ್ತ ಬಿದ್ದಿದ್ದರು.

ಜಗದೇವಿ ಕಣ್ಣು ತೆರೆದು ಅತ್ತೆಯ ಸೆರಗು ಹಿಡಿದಳು.

"ಅತ್ತಿ, ಅವತ್ತ ಅಯ್ಯಾರ ಕೈ ಭಾಳ ಸುಡತಿತ್ರಿ. ಹೇಳಬೇಕಂತ ಮಾಡಿದ್ದೆ. ನೀವು ಬೈತೀರಂತ ಸುಮ್ಮನಾದೆ."

"ಮಾತಾಡಬ್ಯಾಡವ್ವಾ, ಮಲಕೋ" ಎಂದಳು ಸುಮಿತ್ರಮ್ಮ. ತಾನು ಬೈಯುತ್ತಿದ್ದುದು ನಿಜ. ಬೈದು, ಕೈಮುಗಿಸಿ, ಆ ತುತ್ತನ್ನು ತಾನೇ ಕೂತು ತಿನ್ನಿಸುತ್ತಿದ್ದಳು.

ಉಸಿರು ಏದುಸಿರಾದಾಗ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದರು. ವರಾಂಡದ ತುಂಬ ಚಾಪೆ ಹಾಸಿ ಮಲಗಿದ ಜನ. ಎದೆಗೆ ಕೊಳವೆ ಇಟ್ಟು ನೋಡಿದ ಡಾಕ್ಟರು, ತಡವಾಯಿತು, ಜ್ವರ ಎದೆಗೆ ಇಳಿದಿದೆ ಎಂದರು. ಬಸುರಿಯನ್ನು ಜ್ವರದವರ ಹತ್ತಿರ ಯಾಕೆ ಬಿಟ್ಟಿರಿ ಎಂದು ತಮಿಳಿನಲ್ಲಿ ಕೇಳಿದರು. ಏಕಾಂತಪ್ಪ ತಾಯಿಯ ಮುಖ ನೋಡಿದ. ಅಂದು ಸಂಜೆ ಮಗು ದಿನ ತುಂಬದೆ ಹುಟ್ಟಿತು, ಅಳಲಿಲ್ಲ. ಮರುದಿನ ಮಧ್ಯಾಹ್ನ ತಾಯಿಯೂ ಹೋದಳು.

ಅದೇ ದಿನ ಅಯ್ಯನವರಿಗೆ ಜ್ವರ ಬಿಟ್ಟಿತು. ಎಪ್ಪತ್ತರ ಮುದುಕರು ಎದ್ದು ಕೂತರು, ಇಪ್ಪತ್ತೆರಡರ ಹುಡುಗಿ ಏಳಲಿಲ್ಲ. ಇದಕ್ಕೆ ಏನೆಂದು ಹೇಳುತ್ತೀರಿ?

ಜಗದೇವಿಯನ್ನು ಮನೆಗೆ ತಂದು, ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದರು. ಕೈಯಲ್ಲಿ ಕುಬುಸದ ಬಳೆಗಳು ಇನ್ನೂ ಇದ್ದವು. ಹನ್ನೊಂದು ಮನೆಯಿಂದ ಬರಲಾದವರು ನಾಲ್ಕೇ ಜನ. ಮಣ್ಣಿಗೆ ಒಯ್ಯುವ ಮೊದಲು ತೀರಿಕೊಂಡವರ ತಲೆಯ ಮೇಲೆ ಗುರು ಪಾದ ಇಡಬೇಕು, ಅದಕ್ಕೂ ಮೊದಲು ಆ ಪಾದ ತೊಳೆಯಬೇಕು. ಅಯ್ಯನವರು ಗೋಡೆ ಹಿಡಿದುಕೊಂಡು ಬಂದು ಅದೇ ಮಣೆಯ ಮೇಲೆ ಕೂತರು. ಸುಮಿತ್ರಮ್ಮ ಅದೇ ಚೆಂಬು ತಂದಳು.

ಅವರು ಬಗ್ಗಿ, ಅವಳಿಗೆ ಮಾತ್ರ ಕೇಳುವಂತೆ ಕೇಳಿದರು: "ತಾಯಿ, ಖರೇ ಹೇಳು. ಅವತ್ತ ನನ್ನ ಪಾದ ನಿನ್ನ ಕೈಗೆ ಬಿಸಿ ಹತ್ತಿತ್ತೇನು?"

ಹೌದು ಎಂದರೆ ಆ ಜೀವ ಅಲ್ಲೇ ಮುರಿದುಬೀಳುತ್ತದೆ ಎನಿಸಿತು ಅವಳಿಗೆ.

"ಇಲ್ರಿ ಅಯ್ಯಾರ" ಎಂದಳು. "ತಣ್ಣಗ ಇದ್ದುವು."

ಅವರು ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ. ಅವಳು ನೀರು ಸುರಿದು ಕೈಯಾಡಿಸಿದಳು. ಇಂದು ಪಾದಗಳು ತಣ್ಣಗೇ ಇದ್ದವು. ಸೆರಗಿನಿಂದ ಒರೆಸಿದಳು, ಬೆರಳ ಸಂದಿಯನ್ನೂ ಒರೆಸಿದಳು. ಆಯಿತಲ್ಲಮ್ಮಾ ಎಂದು ಏಕಾಂತಪ್ಪ ಹೇಳಿದ ಮೇಲೂ, ಆಗಲೇ ಒಣಗಿದ್ದ ಆ ಪಾದಗಳನ್ನು ಅವಳು ಒರೆಸುತ್ತಲೇ ಇದ್ದಳು.