ಅಜ್ಜಿಯ ಕೈ ತುರಿಕೆ, ಮೊಮ್ಮಗಳ ಕೆನ್ನೆಯ ಗುಳ್ಳೆ

ಅಮೆರಿಕದ ಕೆಂಟಕಿಯ ಗುಡ್ಡಗಾಡಿನಲ್ಲಿ ಮೇ ತಿಂಗಳ ಕೊನೆಗೆ ಹಿರಿಯರ ಸಮಾಧಿಗೆ ಹೂವಿಡುವ ಭಾನುವಾರ ಬರುತ್ತದೆ. ಅದಕ್ಕೆ ಮುಂಚಿನ ಶನಿವಾರ ಮನೆಗೊಬ್ಬರಾದರೂ ಕುಡುಗೋಲು ಹಿಡಿದು ಗುಡ್ಡ ಹತ್ತಿ ಸ್ಮಶಾನದ ಕಳೆ ಕೀಳಬೇಕು. ಯಾರು ಕೀಳಲಿಲ್ಲ ಎಂಬುದು ಮಾರನೆಯ ದಿನ ಊರಿಗೆಲ್ಲ ಕಾಣುತ್ತದೆ. ಹಾಗಾಗಿ ಸೊಂಟ ನೋವಿನವರೂ ಅವತ್ತು ಗುಡ್ಡ ಹತ್ತುತ್ತಾರೆ.

ಅರವತ್ತೆಂಟರ ಡೆಲ್ಫಾ ಮಗ ವೇಡ್ ಜೊತೆ ಹೋಗಿದ್ದಳು. ಗಂಡನ ಸಮಾಧಿಯ ಕಲ್ಲನ್ನು ಪಾಯ್ಸನ್ ಐವಿ ಬಳ್ಳಿ ಹೆಸರೂ ಕಾಣದಂತೆ ಮುಚ್ಚಿಬಿಟ್ಟಿತ್ತು. ತೊಟ್ಟಿಗೆ ಮೂರು ಎಲೆ, ಕಾಂಡಕ್ಕೆ ಕೂದಲಿನಂಥ ಬೇರು. ಮುಟ್ಟಿದರೆ ತುರಿಕೆಯ ಗುಳ್ಳೆ ಏಳಿಸುವ ಈ ವಿಷಬಳ್ಳಿಯನ್ನು ಗುರುತಿಸದ ಮಕ್ಕಳು ಆ ಸೀಮೆಯಲ್ಲಿಲ್ಲ. ಡೆಲ್ಫಾಳಿಗೂ ಗೊತ್ತಿತ್ತು. ಆದರೆ ತಮ್ಮ ಮನೆತನಕ್ಕೆ ಅದು ಹತ್ತುವುದಿಲ್ಲ, ತನಗೆ ಹುಟ್ಟಿದಾಗಿನಿಂದ ಒಂದು ಗುಳ್ಳೆಯೂ ಎದ್ದಿಲ್ಲ ಎಂಬುದು ಅವಳ ಹೆಮ್ಮೆ. ಬರಿಗೈಯಲ್ಲೇ ಕಿತ್ತಳು. ವೇಡ್ ಕಿತ್ತ ಬಳ್ಳಿಯನ್ನು ಹೆಗಲ ಮೇಲೆ ಹೊತ್ತು ಬೇಲಿಯಾಚೆ ರಾಶಿ ಹಾಕಿದ. ಒಣಗಿದ ಮೇಲೆ ಸುಟ್ಟರಾಯಿತು ಎಂದು ಎಲ್ಲರೂ ಕೈ ಕೊಡವಿಕೊಂಡು ಇಳಿದು ಬಂದರು.

ಸೋಮವಾರ ಡೆಲ್ಫಾಳ ಕೈ ತುರಿಸತೊಡಗಿತು. ಬುಧವಾರದ ಹೊತ್ತಿಗೆ ಮೊಣಕೈವರೆಗೂ ಸಾಲುಸಾಲು ನೀರುಗುಳ್ಳೆ. ಅರವತ್ತೆಂಟು ವರ್ಷ ಸುಮ್ಮನಿದ್ದ ಚರ್ಮ ಅರವತ್ತೊಂಬತ್ತಕ್ಕೂ ಸುಮ್ಮನಿರಬೇಕೆಂದು ಎಲ್ಲೂ ಬರೆದಿಲ್ಲವಲ್ಲ. ಹಳ್ಳದ ದಂಡೆಯಲ್ಲಿ ಬೆಳೆಯುವ ಜ್ಯುವೆಲ್‌ವೀಡ್ ಗಿಡವನ್ನು ಜಜ್ಜಿ ಹಚ್ಚಿಕೊಂಡಳು. ತುಸು ತಂಪಾಯಿತು, ತುರಿಕೆ ಹೋಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕ ಆರ್ಬನ್ ಬಂದು, ಬಟ್ಟೆಗೆ ಹಾಕುವ ಬ್ಲೀಚ್ ಸುರಿದುಕೋ, ಗುಳ್ಳೆ ಸುಟ್ಟುಹೋಗುತ್ತದೆ ಎಂದ. ಹೇಳುವವರು ಹೇಳಿದರೂ ಕೇಳುವವರಿಗೆ ಬುದ್ಧಿ ಬೇಡವೆ? ಡೆಲ್ಫಾ ಸುರಿದುಕೊಂಡಳು. ಗಾಯದ ಮೇಲೆ ಬರೆ ಎಳೆದಂತಾಯಿತು. ಗುಳ್ಳೆ ಹೋಗಲಿಲ್ಲ, ಚರ್ಮ ಹೋಯಿತು.

ಆದರೆ ಅವಳಿಗೆ ಉರಿಗಿಂತ ಹೆಚ್ಚು ನೋವು ಕೊಟ್ಟದ್ದು ಬೇರೆಯೇ. ಮನೆಯಲ್ಲಿ ಒಂಬತ್ತು ತಿಂಗಳ ಮೊಮ್ಮಗಳು ಮೇಬ್ರಿ ಇದ್ದಳು. ಮಧ್ಯಾಹ್ನ ಊಟವಾದ ಮೇಲೆ ಮೊಗಸಾಲೆಯ ತೂಗುಕುರ್ಚಿಯಲ್ಲಿ ಕೂತು ಆ ಮಗುವನ್ನು ಮಲಗಿಸುವುದು ಅಜ್ಜಿಯ ಕೆಲಸ. ಗುಳ್ಳೆ ನೋಡಿದ ದಿನವೇ ಸೊಸೆ ಟ್ರೆಸ್ಸಾ ನಯವಾಗಿ ಹೇಳಿದಳು: ವಾಸಿಯಾಗುವವರೆಗೆ ಮಗುವನ್ನು ಮುಟ್ಟುವುದು ಬೇಡ, ಗುಳ್ಳೆಯ ನೀರು ತಾಗಿದರೆ ಅಂಟುತ್ತದಂತೆ. ಅತ್ತೆಗೆ ಬೇರೆ ಟವೆಲು, ಬೇರೆ ಲೋಟ ಆಯಿತು. ಮಗುವಿನ ಒಳ್ಳೆಯದಕ್ಕೇ ಅಲ್ಲವೇ ಎಂದು ಡೆಲ್ಫಾಳೂ ಒಪ್ಪಿದಳು. ಆದರೆ ಮಗುವಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅದು ಅಂಬೆಗಾಲಿಟ್ಟು ಬಂದು ಅಜ್ಜಿಯ ಲಂಗ ಹಿಡಿಯುತ್ತಿತ್ತು. ಅಜ್ಜಿ ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದಳು. ಅಲ್ಲಿ ಕೂತು ಎಷ್ಟೋ ಸಲ ಅತ್ತಳು.

ಹೀಗೆ ಎರಡು ವಾರ ಕಳೆದು, ಡೆಲ್ಫಾಳ ಕೈ ಒಣಗುತ್ತ ಬಂದಾಗ, ಮೇಬ್ರಿಯ ಬಲಗೆನ್ನೆ ಕೆಂಪಾಯಿತು. ಮರುದಿನ ಸಣ್ಣ ಗುಳ್ಳೆಗಳೆದ್ದವು. ಮಗು ಇರುಳೂ ಹಗಲೂ ಕೆನ್ನೆಯನ್ನು ಹಾಸಿಗೆಗೆ ಉಜ್ಜಿಕೊಂಡು ಅತ್ತಿತು.

"ಅಮ್ಮ, ನಿಜ ಹೇಳಿ," ಎಂದಳು ಟ್ರೆಸ್ಸಾ. "ನಾನು ಅಂಗಡಿಗೆ ಹೋದಾಗ ಎತ್ಕೊಂಡಿದ್ರಾ?"

"ಇಲ್ಲ ಕಣೆ. ಒಂದು ಬೆರಳೂ ಸೋಕಿಸಿಲ್ಲ."

ವೇಡ್ ಬೂಟು ಬಿಚ್ಚುತ್ತ ತಲೆಯೆತ್ತದೆ ಅಂದ: "ಬಿಡು ಟ್ರೆಸ್ಸಾ. ಅಮ್ಮ ಬೇಕೂಂತ ಮಾಡಿರಲ್ಲ."

ಸೊಸೆ ಕೇಳಿದ್ದು ಡೆಲ್ಫಾಳಿಗೆ ಅಷ್ಟು ನಾಟಿರಲಿಲ್ಲ. ಮಗ ಕ್ಷಮಿಸಿದ್ದು ನಾಟಿತು. ಮಾಡದ ತಪ್ಪಿಗೆ ಕ್ಷಮೆ ಸಿಕ್ಕರೆ ಅದನ್ನು ಎಲ್ಲಿ ಇಟ್ಟುಕೊಳ್ಳುವುದು? ಬೆಳಿಗ್ಗೆ ಎದ್ದು ಬಟ್ಟೆಬರೆಯನ್ನು ಚೀಲಕ್ಕೆ ತುಂಬಿದಳು. ನದಿಯಾಚೆಯ ತಂಗಿಯ ಮನೆಗೆ ಹೋಗಿ ಇದ್ದುಬಿಡುವುದು, ಮತ್ತೆ ಬರುವ ಮಾತು ಆಮೇಲೆ ನೋಡೋಣ ಎಂದು ಗಟ್ಟಿ ಮಾಡಿಕೊಂಡಳು.

ಅವತ್ತೇ ಮಗುವಿನ ತೂಕ ನೋಡಲು ಆರೋಗ್ಯ ಇಲಾಖೆಯ ದಾದಿ ಜೆನೀವಾ ಬಂದಳು. ವೇಡ್ ಜೊತೆ ಒಂದೇ ತರಗತಿಯಲ್ಲಿ ಓದಿದವಳು, ಮನೆಯವರಿಗೆಲ್ಲ ಸಲಿಗೆ. ಮಗುವಿನ ಕೆನ್ನೆ ನೋಡಿದವಳೇ ಮೊದಲು ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ ಅದೇ ಸಂಜೆಗೆ ಸಮಯ ಕೇಳಿದಳು. ಇಷ್ಟು ಸಣ್ಣ ಮಗುವಿಗೆ, ಅದರಲ್ಲೂ ಮುಖದ ಮೇಲೆ ಎದ್ದರೆ, ಮನೆಮದ್ದು ನೆಚ್ಚಿಕೊಂಡು ಕೂರಬಾರದು ಎಂದಳು. ಆಮೇಲೆ ಬಾಗಿಲ ಬಳಿಯ ಚೀಲ ನೋಡಿದಳು.

"ಎಲ್ಲಿಗೆ ಹೊರಟ್ರಿ, ಡೆಲ್ಫಾ ಆಂಟಿ?"

ಡೆಲ್ಫಾ ಹೇಳಿದಳು. ಟ್ರೆಸ್ಸಾಳೂ ತನ್ನ ಕಡೆಯದನ್ನು ಹೇಳಿದಳು. ಜೆನೀವಾ ಮುದುಕಿಯ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು. ಎರಡು ವಾರದ ಮೇಲೆ ಆ ಮನೆಯಲ್ಲಿ ಒಬ್ಬರು ಆ ಕೈಗಳನ್ನು ಮುಟ್ಟಿದ್ದು ಅದೇ ಮೊದಲು.

"ಇದು ಅಂಟುಜಾಡ್ಯ ಅಲ್ಲ," ಎಂದಳು ಜೆನೀವಾ. "ಗುಳ್ಳೆ ನೀರು ಯಾರಿಗೂ ಏನೂ ಮಾಡಲ್ಲ. ಅದು ನಿಮ್ಮ ಮೈಯದೇ ನೀರು. ಕೆಡಿಸೋದು ಬಳ್ಳಿಯ ಎಣ್ಣೆ. ಎಲೇಲಿ, ಕಾಂಡದಲ್ಲಿ, ಬೇರಲ್ಲಿ, ಒಣಗಿದ ಬಳ್ಳೀಲೂ ಇರತ್ತೆ. ಮೈಗೆ ತಾಗಿದ ಎಣ್ಣೆ ಸೋಪು ಹಾಕಿ ಸ್ನಾನ ಮಾಡಿದಾಗಲೇ ಹೋಯ್ತು. ನೀವು ಎರಡು ವಾರದಿಂದ ಸ್ನಾನ ಮಾಡಿಲ್ವಾ ಏನು?"

"ಮಾಡದೆ? ದಿನಾ ಮಾಡಿದೀನಿ."

"ಹಾಗಿದ್ರೆ ನಿಮ್ಮಿಂದ ಬಂದಿಲ್ಲ."

ಟ್ರೆಸ್ಸಾಳಿಗೆ ನಂಬಿಕೆ ಬರಲಿಲ್ಲ. ಮಗು ಕಾಡಿಗೆ ಹೋಗಿಲ್ಲ, ಅಂಗಳದಲ್ಲಿ ಬಳ್ಳಿ ಇಲ್ಲ, ಮತ್ತೆ ಎಲ್ಲಿಂದ ಬಂತು ಎಂದು ಕೇಳಿದಳು. ಕೇಳುವ ಪ್ರಶ್ನೆಯೇ. ಮನೆಯಲ್ಲಿ ನಾಯಿ ಇದೆಯೇ, ಪೊದೆಯಲ್ಲಿ ಹೊರಳಿ ಬಂದ ನಾಯಿಯ ತುಪ್ಪಳಕ್ಕೂ ಎಣ್ಣೆ ಹತ್ತಿರುತ್ತದೆ ಎಂದಳು ಜೆನೀವಾ. ನಾಯಿ ಇರಲಿಲ್ಲ. ಕುಡುಗೋಲು ಕೊಟ್ಟಿಗೆಯಲ್ಲಿತ್ತು. ಡೆಲ್ಫಾಳ ಅವತ್ತಿನ ಬಟ್ಟೆ ಅವತ್ತೇ ಒಗೆದಾಗಿತ್ತು.

ಅಷ್ಟರಲ್ಲಿ ಮರ ಕೊಯ್ಯುವ ಮಿಲ್ಲಿನ ಕೆಲಸ ಮುಗಿಸಿ, ದಿನಾ ತೊಡುವ ದಪ್ಪ ಜಾಕೆಟ್ಟಿನಲ್ಲೇ ವೇಡ್ ಬಂದ. ಅಪ್ಪನನ್ನು ಕಂಡ ಮಗು ದಿನದ ರೂಢಿಯಂತೆ ಎರಡೂ ಕೈ ಚಾಚಿ, ಅವನ ಎಡ ಹೆಗಲಿಗೆ ಬಲಗೆನ್ನೆ ಒರಗಿಸಲು ಬಾಗಿತು.

"ವೇಡ್, ಎತ್ಕೋಬೇಡ," ಎಂದಳು ಜೆನೀವಾ. "ಆ ಜಾಕೆಟ್ ಹಾಕ್ಕೊಂಡೇ ಸ್ಮಶಾನಕ್ಕೆ ಹೋಗಿದ್ಯಾ?"

"ಹೂಂ. ಯಾಕೆ?"

"ಬಳ್ಳಿ ಹೊತ್ತಿದ್ದು ಯಾವ ಹೆಗಲ ಮೇಲೆ?"

ವೇಡ್ ಎಡ ಹೆಗಲು ಮುಟ್ಟಿಕೊಂಡು ನಕ್ಕ. "ನನಗೇ ಒಂದು ಗುಳ್ಳೆ ಎದ್ದಿಲ್ಲ. ನನ್ನಿಂದ ಮಗೂಗೆ ಹೇಗೆ ಬರತ್ತೆ?"

"ನಿನ್ನ ಚರ್ಮ ಇನ್ನೂ ಸಿಟ್ಟಾಗಿಲ್ಲ, ಅಷ್ಟೇ. ಎಣ್ಣೆ ಎಲ್ಲಿಗೆ ಹೋಗತ್ತೆ? ಬಟ್ಟೇಲಿ ತಿಂಗಳುಗಟ್ಟಲೆ ಕೂತಿರತ್ತೆ. ಮೊದಲ ಸಲ ತಾಗಿದ ಮೈಗೆ ಗುಳ್ಳೆ ಏಳೋಕೆ ಎರಡು ಮೂರು ವಾರ ಹಿಡಿಯತ್ತೆ. ಜಾಕೆಟ್ ಒಗೆದಿದ್ದು ಯಾವಾಗ?"

ವೇಡ್ ಹೆಂಡತಿಯ ಮುಖ ನೋಡಿದ.

"ನನ್ನ ನೋಡ್ಬೇಡ," ಎಂದಳು ಟ್ರೆಸ್ಸಾ. "ಒಗೆದ್ರೆ ಹದ ಕೆಡತ್ತೆ, ಮುಟ್ಬೇಡ ಅಂದೋನು ನೀನೇ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಎರಡು ವಾರ ಆ ಮನೆಯಲ್ಲಿ ನಡೆದದ್ದು ಅದೇ. ತುರಿಕೆ ಬಂದವಳನ್ನು ದೂರವಿಟ್ಟು, ಎಣ್ಣೆ ಹೊತ್ತವನ ಹೆಗಲಿಗೆ ಮಗುವನ್ನು ಕೊಟ್ಟಿದ್ದರು. ವೇಡ್ ಹೊರಗೆ ಹೋಗಿ ಜಾಕೆಟ್ ಬಿಚ್ಚಿದ. ಜೆನೀವಾ ಹೇಳಿದಂತೆ ರಬ್ಬರ್ ಗವಸು ತೊಟ್ಟು, ಅದೊಂದನ್ನೇ ಬಿಸಿನೀರಿನಲ್ಲಿ ಸೋಪುಪುಡಿ ಹಾಕಿ ಎರಡು ಸಲ ಒಗೆದ. ಜಾಕೆಟ್ ನೇತುಹಾಕುತ್ತಿದ್ದ ತೂಗುಕುರ್ಚಿಯ ಬೆನ್ನು, ಕುಡುಗೋಲಿನ ಹಿಡಿ, ಟ್ರಕ್ಕಿನ ಸೀಟು ಎಲ್ಲವನ್ನೂ ಸೋಪುನೀರಿನಲ್ಲಿ ಒರೆಸಿದ. ಕೊನೆಗೆ ತಾನೂ ಸೋಪು ಹಚ್ಚಿ ಸ್ನಾನ ಮಾಡಿ ಬಂದ.

ಒಳಗೆ ಜೆನೀವಾ ಡೆಲ್ಫಾಳ ಕೈಗೆ ಮದ್ದು ಹೇಳುತ್ತಿದ್ದಳು. ಮೊದಲನೆಯದು, ಬ್ಲೀಚ್, ಪೆಟ್ರೋಲು, ಕುದಿನೀರು ಯಾವುದನ್ನೂ ಚರ್ಮಕ್ಕೆ ತೋರಿಸಬಾರದು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಾಲು ಗಂಟೆ ಇಟ್ಟರೆ ತುರಿಕೆ ಇಳಿಯುತ್ತದೆ, ದಿನಕ್ಕೆ ನಾಲ್ಕಾರು ಸಲ ಇಡಬಹುದು. ಓಟ್ಸನ್ನು ನುಣ್ಣಗೆ ಪುಡಿ ಮಾಡಿ ಉಗುರುಬೆಚ್ಚಗಿನ ನೀರಿಗೆ ಬೆರೆಸಿ ಅದರಲ್ಲಿ ಕೈ ಮುಳುಗಿಸಿ ಕೂರಬಹುದು. ಚರ್ಮ ಕಿತ್ತಿಲ್ಲದ ಕಡೆ ಮೂರು ಚಮಚ ಅಡುಗೆ ಸೋಡಾಕ್ಕೆ ಒಂದು ಚಮಚ ನೀರು ಕಲಸಿ ಹಚ್ಚಬಹುದು, ಇಲ್ಲವೇ ಅಂಗಡಿಯ ಕ್ಯಾಲಮೈನ್ ಲೋಷನ್. ಗುಳ್ಳೆ ಒಡೆಯಬಾರದು, ಉಗುರು ಕತ್ತರಿಸಿಕೊಳ್ಳಬೇಕು.

"ಜ್ಯುವೆಲ್‌ವೀಡ್?" ಎಂದು ಡೆಲ್ಫಾ ಮೆಲ್ಲಗೆ ಕೇಳಿದಳು. "ನಮ್ಮಜ್ಜಿ ಊರವರಿಗೆಲ್ಲ ಅದನ್ನೇ ಹಚ್ತಿದ್ಳು."

"ಕೆಲವರಿಗೆ ತಂಪು ಅನ್ಸತ್ತೆ, ಕೆಲವರಿಗೆ ಇಲ್ಲ. ಆದ್ರೆ ಬಳ್ಳಿ ಮುಟ್ಟಿದ ಕೂಡಲೇ ಸೋಪು, ತಣ್ಣೀರು ಹಾಕಿ ತೊಳ್ಕೊಂಡ್ರೆ ಸಿಗೋ ಉಪಕಾರ ಯಾವ ಸೊಪ್ಪಿಂದಲೂ ಸಿಗಲ್ಲ, ಆಂಟಿ."

ಸ್ಮಶಾನದ ರಾಶಿಯ ಮಾತೂ ಬಂತು. ಅದಕ್ಕೆ ಬೆಂಕಿ ಇಟ್ಟರೆ ಎಣ್ಣೆ ಹೊಗೆಯಲ್ಲಿ ಸೇರಿ ಎದೆಯೊಳಗೆ ಹೋಗುತ್ತದೆ, ಉಸಿರಿಗೇ ಸಂಚಕಾರ ಎಂದಳು ಜೆನೀವಾ. ವೇಡ್ ಅಲ್ಲಿಂದಲೇ ಆರ್ಬನ್‌ಗೆ ಫೋನ್ ಮಾಡಿ, ಯಾರೂ ಬೆಂಕಿ ಇಡುವುದು ಬೇಡ ಎಂದು ಹೇಳಿದ.

ಡಾಕ್ಟರ ಬಳಿ ಹೋಗಲು ಇನ್ನೂ ಅರ್ಧ ಗಂಟೆಯಿತ್ತು. ಟ್ರೆಸ್ಸಾ ಚೀಲವನ್ನು ಎತ್ತಿಕೊಂಡು ಹೋಗಿ ಅತ್ತೆಯ ಮಂಚದ ಮೇಲಿಟ್ಟು ಬಂದಳು. "ತಪ್ಪಾಯ್ತು ಅಮ್ಮ," ಎಂದಳು. "ನಾನು ನಿಮ್ಮನ್ನ ನಂಬಬೇಕಿತ್ತು." ಡೆಲ್ಫಾಳ ಕಣ್ಣು ಮಗುವಿನ ಮೇಲಿತ್ತು.

"ಈಗ್ಲೇ ಎತ್ಕೋಬಹುದಾ?" ಎಂದು ಅವಳು ಜೆನೀವಾಳನ್ನು ಕೇಳಿದಳು.

"ಎರಡು ವಾರದ ಹಿಂದೆಯೂ ಎತ್ಕೋಬಹುದಿತ್ತು, ಆಂಟಿ."

ಟ್ರೆಸ್ಸಾ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಮೇಬ್ರಿ ಅಜ್ಜಿಯ ಮೂಗು ಹಿಡಿದು ಎಳೆದಳು. ಡೆಲ್ಫಾ ತಣ್ಣೀರಿನ ಬಟ್ಟೆಯನ್ನು ಹಿಂಡಿ ಮೊಮ್ಮಗಳ ಕೆನ್ನೆಗೆ ಮೃದುವಾಗಿ ಒತ್ತಿದಳು. ತಂಪು ತಾಗಿದ್ದೇ ಮಗು ಕಣ್ಣು ಮುಚ್ಚಿತು.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನನಗೆ ಹತ್ತುವುದಿಲ್ಲ ಎನ್ನುವವರು ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಅವರ ಬಟ್ಟೆ, ಬೂಟು, ಹತಾರಗಳನ್ನು ಇವತ್ತೇ ಸೋಪು ಹಾಕಿ ತೊಳೆಯಿರಿ. ವಿಷಬಳ್ಳಿಯನ್ನು ಬರಿಗೈಯಲ್ಲಿ ಕೀಳಬೇಡಿ, ಸುಡಲಂತೂ ಬೇಡಿ. ಮುಖ, ಕಣ್ಣು ಊದಿದರೆ, ಜ್ವರ ಬಂದರೆ, ಕೀವು ತುಂಬಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ತುರಿಕೆಯಿಂದ ನರಳುತ್ತಿರುವವರನ್ನು ಮಾತ್ರ ಮೂಲೆಗೆ ಕೂರಿಸಬೇಡಿ. ಹತ್ತಿರ ಹೋಗಿ ಕೂರಿ, ಒದ್ದೆ ಬಟ್ಟೆ ಹಿಂಡಿ ಕೊಡಲು ಅವರಿಗೆ ಒಂದು ಕೈ ಬೇಕು.