ಮೆಟ್ಟಿಲ ಬುಡದ ಗುಡಾಣ

ಟಿಕ್ ಎಂದು ಒಂದು ಸಣ್ಣ ಸದ್ದು. ನನ್ನ ಬದುಕು ಶುರುವಾದದ್ದು ಆ ಸದ್ದಿನಿಂದ. ಊರೆಲ್ಲ ಮಲಗಿದ್ದ ಹೊತ್ತು. ಮಡಕೆ ಸುಡುವ ಆವಿಗೆಯ ಬೂದಿಯೊಳಗೆ ನಾನು ಮೆಲ್ಲಗೆ ಆರುತ್ತಿದ್ದೆ. ನನ್ನನ್ನು ತಟ್ಟಿ ತಟ್ಟಿ ರೂಪ ಕೊಟ್ಟಿದ್ದ ಹೆಂಗಸು ಪಕ್ಕದ ಚಪ್ಪರದಲ್ಲಿ ಮಲಗಿದ್ದಳು. ಅಷ್ಟು ಸಣ್ಣ ಸದ್ದೂ ಅವಳ ಕಿವಿಗೆ ಬಿತ್ತು. ದೀಪ ಹಿಡಿದು ಎದ್ದು ಬಂದಳು, ಬೆರಳ ಗೆಣ್ಣಿನಿಂದ ನನ್ನ ಸುತ್ತಲೂ ಬಡಿದು ನೋಡಿದಳು. ಬಾಯಿಂದ ಭುಜದವರೆಗೆ ಕೂದಲೆಳೆಯಂಥ ಒಂದು ಬಿರುಕು ಬಿಟ್ಟಿತ್ತು.

ನಾನು ಒಂದು ಮಣ್ಣಿನ ಗುಡಾಣ. ಹುಟ್ಟಿದ ಊರು ಸುಮಾತ್ರಾ ದ್ವೀಪದ ಉತ್ತರದ ತುದಿಯಲ್ಲಿರುವ ಅಚೆ ಪ್ರಾಂತ್ಯದ ಒಂದು ಹಳ್ಳಿ. ಅಲ್ಲಿ ಮಡಕೆ ಮಾಡುವವರೆಲ್ಲ ಹೆಂಗಸರೇ. ಬಿರುಕು ಬಿಟ್ಟದ್ದನ್ನು ಒಡೆದು ಹಾಕುವುದು ರೂಢಿ. ಆದರೆ ಆ ಹೆಂಗಸು ಮರದ ರಾಳ ಕಾಯಿಸಿ ಬಿರುಕಿನೊಳಗೆ ಇಳಿಸಿದಳು. "ಭುಜದ ತನಕ ನೀರು ನಿಲ್ಲುತ್ತೆ. ಅದಕ್ಕಿಂತ ಮೇಲಕ್ಕೆ ನೀನೂ ಆಸೆ ಪಡಬೇಡ, ಕೊಂಡವರಿಗೂ ಹೇಳ್ತೀನಿ" ಎಂದಳು. ರಾಳ ಆರಿ ನನ್ನ ಮೈಮೇಲೆ ಕಂದು ಬಣ್ಣದ ಹೊಳೆಯುವ ಗೆರೆಯಾಯಿತು. ಅವತ್ತಿನಿಂದ ಎಲ್ಲಿ ಏನು ಸದ್ದಾದರೂ ನಾನು ಬೆಚ್ಚುತ್ತೇನೆ. ಒಡೆದದ್ದು ನಾನೇ ಇರಬಹುದೇ ಎಂದು ಮೊದಲು ನನ್ನನ್ನೇ ಮುಟ್ಟಿ ನೋಡಿಕೊಳ್ಳುವವಳ ಹಾಗೆ.

ಸಂತೆಯಲ್ಲಿ ನನ್ನನ್ನು ಎಲ್ಲರೂ ಬಡಿದು ನೋಡಿ ಮುಂದೆ ಹೋದರು. ಅಕ್ಕಿಗೆ ಆಗದು, ಎಣ್ಣೆಗೆ ಆಗದು. ಕೊನೆಗೆ ಸಕ್ದಿಯಾ ಎಂಬ ಹೊಸ ಮದುವಣಗಿತ್ತಿ ನನ್ನ ಮುಂದೆ ಕೂತು, ಗೆರೆಯ ಮೇಲೆ ಬೆರಳಾಡಿಸಿ, "ಕಾಲು ತೊಳೆಯೋ ನೀರಿಗೆ ತಾನೆ, ಭುಜದ ತನಕ ಸಾಕು" ಎಂದಳು. ಹೀಗೆ ನಾನು ಸಮುದ್ರದ ದಂಡೆಯ ಒಂದು ಹಳ್ಳಿಗೆ ಬಂದೆ.

ಅಲ್ಲಿನ ಮನೆಗಳು ಕಂಬಗಳ ಮೇಲೆ ನಿಂತಿದ್ದವು. ಹತ್ತಲು ಮರದ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ನೀರಿನ ಗುಡಾಣ, ಅದರ ಮೇಲೆ ತೆಂಗಿನ ಚಿಪ್ಪಿನ ಸೌಟು. ಕಾಲು ತೊಳೆಯದೆ ಯಾರೂ ಮೇಲೆ ಹತ್ತುವಂತಿಲ್ಲ. ಕೋಳಿ, ಮಕ್ಕಳು ತಾಗಿ ನಾನು ಉರುಳಬಾರದೆಂದು ಸಕ್ದಿಯಾ ಗುಂಡಿ ತೋಡಿ ನನ್ನನ್ನು ಹೊಟ್ಟೆಯವರೆಗೆ ಹೂತಳು. ಹೂಳುವ ಮೊದಲು ನನ್ನನ್ನು ತಿರುಗಿಸಿ, ರಾಳದ ಗೆರೆಯನ್ನು ಮೆಟ್ಟಿಲ ಕಡೆಗೆ, ಒಳಮುಖವಾಗಿ ಇಟ್ಟಳು. ವರ್ಷಕ್ಕೊಮ್ಮೆ ನನ್ನನ್ನು ಎತ್ತಿ, ಅಕ್ಕಪಕ್ಕದವರೊಡನೆ ಹರಟುತ್ತ ಅಂಗಳದಲ್ಲಿ ಉಜ್ಜಿ, ಮತ್ತೆ ಹೂಳುವಾಗಲೂ ಅಷ್ಟೇ. ಮಗಳು ರೌಜಾ ಪುಟ್ಟವಳಿದ್ದಾಗ ಒಮ್ಮೆ ಕೇಳಿದ್ದಳು, ಗೆರೆ ಚೆನ್ನಾಗಿದೆಯಲ್ಲ, ಯಾಕೆ ಮುಚ್ಚಿಡ್ತೀಯ ಎಂದು. "ಬಿರುಕು ಇರೋದು ನಮಗೆ ಗೊತ್ತಿದ್ರೆ ಸಾಕು. ಬಂದವರು ನೀರು ತಗೊಂಡು ಕಾಲು ತೊಳ್ಕೊಳ್ಳಲಿ" ಎಂದಳು ಸಕ್ದಿಯಾ.

ನಾನು ಊರಿನವರನ್ನು ಗುರುತಿಸುತ್ತಿದ್ದದ್ದು ಪಾದಗಳಿಂದ. ಮುಖಗಳು ನನಗೆ ತುಂಬ ಎತ್ತರದಲ್ಲಿದ್ದವು. ಸಕ್ದಿಯಾಳ ಗಂಡ ಮುನೀರ್ ಮೀನುಗಾರ, ಅವನ ಹಿಮ್ಮಡಿಯಲ್ಲಿ ಸದಾ ಉಪ್ಪು ಕಟ್ಟಿರುತ್ತಿತ್ತು. ಅವನ ಬಗ್ಗೆ ನನಗೆ ಬಹಳ ಕಾಲ ಒಂದು ಕುತೂಹಲ ಇತ್ತು. ಯಾರು ಏನು ಕೇಳಿದರೂ ಅವನು "ಪೊ ರುಮೊನ ಕೇಳಿ ಹೇಳ್ತೀನಿ" ಎನ್ನುತ್ತಿದ್ದ. ಪೊ ರುಮೊ ಎಂದರೆ ಮನೆಯ ಮಾಲೀಕಳು. ಪಾಪ, ಇವನು ಬಾಡಿಗೆಗೆ ಇದ್ದಾನೆ ಎಂದೇ ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಆ ಸೀಮೆಯಲ್ಲಿ ಹೆಂಡತಿಗೆ ಇರುವ ಹೆಸರೇ ಅದು. ಹೆತ್ತವರು ಮನೆ ಕಟ್ಟಿ ಕೊಡುವುದು ಮಗಳಿಗೆ. ಅಳಿಯ ಬಟ್ಟೆಯ ಗಂಟು ಹಿಡಿದು ಆ ಮನೆಗೆ ಬರುತ್ತಾನೆ.

ನಮ್ಮ ಮನೆಗಿಂತ ಒಳಗಡೆ, ರಸ್ತೆಯ ಕಡೆಗೆ, ಬ್ರಾಹಿಂ ಎಂಬುವನ ಮನೆ. ಊರ ಮಕ್ಕಳಿಗೆಲ್ಲ ಅವನು ಅಪಾ ಬ್ರಾಹಿಂ. ಅಪಾ ಎಂದರೆ ಚಿಕ್ಕಪ್ಪ. ದೋಣಿಯ ಹಗ್ಗಕ್ಕೆ ಸಿಕ್ಕಿ ಅವನ ಎಡಗಾಲಿನ ಕಿರುಬೆರಳು ಹೋಗಿತ್ತು. ಆ ಕಾಲಿಗೆ ಮಾತ್ರ ಒಂದು ಸೌಟು ನೀರು ಹೆಚ್ಚು ಹಾಕುತ್ತಿದ್ದ, ಇಲ್ಲದ ಬೆರಳಿಗೂ ಪಾಲು ಕೊಡುವವನ ಹಾಗೆ. ಎರಡು ಮನೆಗಳ ನಡುವೆ ಅವನದೇ ಒಂದು ಖಾಲಿ ಜಾಗ. ಹಿರಿಯ ಮಗಳ ಮದುವೆ ಗೊತ್ತಾದಾಗ ಅಲ್ಲಿ ಕಂಬದ ಮರಗಳನ್ನು ತಂದು ಒಟ್ಟಿದ. ಇವನು ಮಗಳಿಗೆ ಮನೆ ಕಟ್ಟಿಕೊಡೋದಲ್ಲ, ಅಳಿಯನಿಗೆ ಮಾಲೀಕಳನ್ನು ಹುಡುಕಿಕೊಡ್ತಾ ಇದ್ದಾನೆ ಎಂದು ಮುನೀರ್ ಹಾಸ್ಯ ಮಾಡುತ್ತಿದ್ದ.

ಆ ಕಂಬಗಳು ನಿಲ್ಲಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನೆಲ ನಡುಗಿತು. ನನ್ನೊಳಗಿನ ನೀರು ತುಳುಕಿ ಬಿರುಕಿನಿಂದ ಇಳಿಯಿತು. ಸಕ್ದಿಯಾಳ ಬರಿಗಾಲುಗಳು ಮೆಟ್ಟಿಲಿಳಿದು ಓಡಿದ್ದು ಗೊತ್ತು. ಸಮುದ್ರ ಹಿಂದೆ ಹೋಯಿತು ಎಂದು ಯಾರೋ ಕೂಗಿದ್ದು ಗೊತ್ತು. ಆಮೇಲೆ ಮರಳು ನನ್ನ ಬಾಯಿ ತುಂಬಿತು. ಮೆಟ್ಟಿಲು, ಕಂಬ, ಮನೆ ಒಂದೂ ಉಳಿಯಲಿಲ್ಲ. ಹೊಟ್ಟೆಯವರೆಗೆ ಹೂತಿದ್ದರಿಂದ ನಾನು ಉಳಿದೆ.

ಎಷ್ಟು ಕಾಲ ಹಾಗಿದ್ದೆನೋ ತಿಳಿಯದು. ನೆಲವೇ ಕುಸಿದಿತ್ತು, ದಂಡೆ ಒಳಗೆ ಸರಿದಿತ್ತು. ಭರತಕ್ಕೆ ನನ್ನ ಮೇಲೆ ಸಮುದ್ರ, ಇಳಿತಕ್ಕೆ ಬರಿ ಕೆಸರು. ಒಂದು ಏಡಿ ಬಂದು ನನ್ನ ಕುತ್ತಿಗೆಯಲ್ಲಿ ವಾಸ ಹೂಡಿತು. ಕೊನೆಗೂ ನಾನು ಯಾರಿಗೋ ಪೊ ರುಮೊ ಆದೆ.

ಒಂದು ಶುಕ್ರವಾರ ಮಧ್ಯಾಹ್ನ, ತಗಡಿನ ಹೊಸ ಮಸೀದಿಯಿಂದ ಬಾಂಗ್ ಕೇಳಿಸಿತು. ಊರಿನ ಗಂಡಸರೆಲ್ಲ ಅತ್ತ ಹೋಗುವ ಹೊತ್ತು. ಆಗ ಇಳಿತದ ಕೆಸರಿನಲ್ಲಿ ಎರಡು ಕಾಲು ನನ್ನ ಕಡೆಗೆ ಬಂದವು. ಎಡಗಾಲಿನಲ್ಲಿ ನಾಲ್ಕೇ ಬೆರಳು. ಬ್ರಾಹಿಂ ಬದುಕಿದ್ದ. ಅವತ್ತು ಅವನು ಸಮುದ್ರದಲ್ಲಿ ದೂರ ಹೋಗಿದ್ದನಂತೆ, ಅಲ್ಲಿ ಅಲೆ ಎತ್ತರ ಇರಲಿಲ್ಲವಂತೆ. ಹಿಂತಿರುಗಿದಾಗ ಹೆಂಡತಿಯೂ ಇಲ್ಲ, ಹೆಣ್ಣುಮಕ್ಕಳೂ ಇಲ್ಲ. ಶುಕ್ರವಾರದ ನಮಾಜು ಬಿಡದ ಆ ಮನುಷ್ಯ ಯಾಕೆ ಇಲ್ಲಿ ಕೆಸರು ಅಗೆಯುತ್ತಿದ್ದಾನೆ ಎಂದು ನನಗೆ ಬೆರಗಾಯಿತು. ಅಗೆದ, ನಿಂತ, ಮತ್ತೆ ಅಗೆದ. ನನ್ನನ್ನು ಎತ್ತಿ ಎದೆಗೆ ಒತ್ತಿಕೊಂಡು, "ನಡಿ, ಸ್ವಲ್ಪ ಮೇಲಕ್ಕೆ ಹೋಗೋಣ" ಎಂದ.

ಹೋದದ್ದು ಅವನದೇ ಖಾಲಿ ಜಾಗಕ್ಕೆ, ಮಗಳ ಮನೆಗೆಂದು ಇಟ್ಟಿದ್ದ ನೆಲಕ್ಕೆ. ಅಲ್ಲಿ ಗುಂಡಿ ತೋಡಿ ನನ್ನನ್ನು ಹೊಟ್ಟೆಯವರೆಗೆ ಇಳಿಸಿದ. ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಕೊನೆಗೆ ರಾಳದ ಗೆರೆ ಹೊರಗೆ, ಸಮುದ್ರದ ಕಡೆಗೆ ಬರುವಂತೆ ಇಟ್ಟ. ನೋಡಿದವರಿಗೆ ಇದು ಸಕ್ದಿಯಾಳ ಗುಡಾಣ ಎಂದು ಕೂಡಲೇ ಗೊತ್ತಾಗಲಿ ಎಂದು. ಗೆರೆ ಒಳಗೆ ಎಂದು ನಾನು ಕೂಗಬೇಕೆಂದುಕೊಂಡೆ. ಗುಡಾಣಕ್ಕೆ ಬಾಯಿ ದೊಡ್ಡದು, ಅಷ್ಟೇ. ಮೇಲೆ ಮರಳು ಎಳೆದು, ಅಂಚು ಮಾತ್ರ ಚೂರು ಕಾಣುವಂತೆ ಬಿಟ್ಟು ಹೊರಟುಹೋದ.

ಯಾಕೆ ಎಂಬುದು ಜಾಗ ಅಳೆಯುವ ದಿನ ತಿಳಿಯಿತು.

ಯಾವುದೋ ದೂರದ ಸಂಸ್ಥೆಯವರು ಊರಿಗೆ ಮನೆ ಕಟ್ಟಿಸಿಕೊಡುವುದಿತ್ತು. ಆದರೆ ಅವರ ನಿಯಮ ಒಂದೇ: ಅವರವರ ಹಳೆಯ ಜಾಗದಲ್ಲೇ ಮನೆ. ಜಾಗ ಸಮುದ್ರದ ಪಾಲಾದವರಿಗೆ ಗುಡ್ಡದಾಚೆ ಹೊಸ ವಸತಿ. ಬೇಲಿ ಇಲ್ಲ, ಮರ ಇಲ್ಲ, ರಸ್ತೆ ಎಲ್ಲಿ ತಿರುಗುತ್ತಿತ್ತು ಎಂಬುದಕ್ಕೂ ಊರಿನಲ್ಲಿ ಜಗಳ. ಆದ್ದರಿಂದ ಉಳಿದವರೆಲ್ಲ ಒಟ್ಟಿಗೆ ನಡೆದು, ನೆನಪಿನಿಂದ ಗಡಿ ಹೇಳಿ, ಪಕ್ಕದವರು ಹೌದು ಎಂದರೆ ಸಂಸ್ಥೆಯಿಂದ ಬಂದ ಅಳತೆಯ ಹುಡುಗಿ ಬಾವುಟ ನೆಡುತ್ತಿದ್ದಳು.

ರೌಜಾ ಬದುಕುಳಿದಿದ್ದಳು. ಹೊಲಿಗೆ ಕಲಿಯಲು ಒಳನಾಡಿನ ಪಟ್ಟಣಕ್ಕೆ ಹೋಗಿದ್ದಳು. ಈಗ ಅವಳಿಗೆ ಬೇಕಾದದ್ದು ಒಂದೇ, ಈ ಊರಲ್ಲಿ ಉಳಿಯುವುದು. ಅಪ್ಪ ಅಮ್ಮ ಇಬ್ಬರೂ ಮಸೀದಿಯ ಹಿಂದಿನ ದೊಡ್ಡ ಗುಂಡಿಯಲ್ಲಿ, ಊರವರೆಲ್ಲರ ಜೊತೆ ಮಲಗಿದ್ದರು. ಗುಡ್ಡ ದಾಟಿ ಹೋದರೆ ಆ ಮಣ್ಣಿಗೆ ನೀರು ಹಾಕುವವರು ಯಾರು?

ಜನ ನನ್ನ ಸಮೀಪ ಬಂದರು. ಬೂಟುಗಳು, ರಬ್ಬರ್ ಚಪ್ಪಲಿಗಳು. ರೌಜಾಳದು ಮಾತ್ರ ಬರಿಗಾಲು. ಬ್ರಾಹಿಂನ ಅಣ್ಣನ ಮಗ ಸೋಫ್ಯಾನ್ ಪಟ್ಟಣದಿಂದ ಬಂದಿದ್ದ. ಚಿಕ್ಕಪ್ಪನ ಖಾಲಿ ಜಾಗದಲ್ಲಿ ಕಾಫಿ ಅಂಗಡಿ ಇಡಬೇಕೆಂದು ಅವನ ಆಸೆ, ಅದನ್ನು ಎಲ್ಲರಿಗೂ ಹೇಳಿಯೂ ಇದ್ದ. ಅವನು ನೀರಿನ ಕಡೆ ಕೈ ತೋರಿಸಿ, "ಇವರ ಮನೆ ಅಲ್ಲಿತ್ತಲ್ಲ. ದೋಣಿ ಕಟ್ಟಿಸಿಕೊಡಿ ಇವಳಿಗೆ" ಎಂದ. ಒಂದಿಬ್ಬರು ನಕ್ಕರು. ರೌಜಾ ನಗಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅವಳ ಕಾಲ್ಬೆರಳುಗಳು ಮರಳನ್ನು ಒತ್ತಿ ಹಿಡಿದವು.

ಊರಿನ ಮುಖಂಡ ಬ್ರಾಹಿಂನನ್ನು ಕೇಳಿದ. ಕೇಳುವ ಮೊದಲು ಅವನಿಗೊಂದು ಚುಚ್ಚು ಮಾತು ಬೇಕು, ಅದು ಅವನ ಸ್ವಭಾವ. "ಹೋದ ಶುಕ್ರವಾರ ಮಸೀದಿಲಿ ಕಾಣಲಿಲ್ಲ, ಹೊಟ್ಟೆನೋವು ಅಂದ್ಯಲ್ಲ. ಈಗ ನೆನಪಾದ್ರೂ ಸರಿ ಇದೆಯೋ?"

"ಹೊಟ್ಟೆ ಬೇರೆ, ತಲೆ ಬೇರೆ" ಎಂದ ಬ್ರಾಹಿಂ. "ಇಲ್ಲೇ ಎಲ್ಲೋ ಇತ್ತು ಅವರ ಮೆಟ್ಟಿಲು. ಕೆದಕಿ ನೋಡಿ."

ರೌಜಾಳೇ ಕೂತು ಕೈಯಿಂದ ಮರಳು ಸರಿಸಿದಳು. ನನ್ನ ಅಂಚು ಅವಳ ಬೆರಳಿಗೆ ಸಿಕ್ಕಿತು, ಆಮೇಲೆ ಕುತ್ತಿಗೆ, ಆಮೇಲೆ ಭುಜ. ಸಕ್ದಿಯಾಳ ಗುಡಾಣ ಎಂದು ಹಿಂದಿನಿಂದ ಯಾರೋ ಹೆಂಗಸು ಅಳುತ್ತ ಹೇಳಿದಳು. ರಾಳದ ಗೆರೆ ಎಲ್ಲರಿಗೂ ಕಂಡಿತು.

ಅವಳ ಬೆರಳು ಗೆರೆಯ ಮೇಲೆ ಬಂದು ನಿಂತಿತು. ಹೊರಮುಖದ ಗೆರೆ. ಅದೇ ಮೊದಲ ಸಲ ನಾನು ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು. ಅವಳು ನನ್ನನ್ನು ನೋಡಿದಳು, ನೀರಿನ ಕಡೆ ನೋಡಿದಳು, ನನ್ನ ಕುತ್ತಿಗೆಯಲ್ಲಿ ಒಣಗಿ ಅಂಟಿದ್ದ ಬೂದು ಕೆಸರನ್ನು ನೋಡಿದಳು. ಆಮೇಲೆ ನಾಲ್ಕು ಬೆರಳಿನ ಆ ಪಾದವನ್ನು. ಬ್ರಾಹಿಂ ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದ.

"ಸಮುದ್ರ ಊರನ್ನೇ ಹೊತ್ತು ಒಯ್ದಿದೆ. ಇದನ್ನು ಉರುಳಿಸಿ ತಂದಿರಬಾರದಾ?" ಎಂದ ಸೋಫ್ಯಾನ್.

ಅಳತೆಯ ಹುಡುಗಿ ಬಾವುಟ ಹಿಡಿದುಕೊಂಡೇ ಕೇಳಿದಳು, ಈ ಗುಡಾಣ ನಿಮ್ಮದೇನಾ, ಮನೆಯಲ್ಲಿ ಎಲ್ಲಿತ್ತು?

ರೌಜಾ ಒಂದೊಂದೇ ಮಾತು ಆರಿಸಿ ಹೇಳಿದಳು. "ಇದು ನಮ್ಮಮ್ಮನ ಗುಡಾಣ. ಮೆಟ್ಟಿಲ ಬುಡದಲ್ಲಿ, ಹೊಟ್ಟೆ ತನಕ ಹೂತಿಟ್ಟಿದ್ಲು. ಈಗಲೂ ಹೊಟ್ಟೆ ತನಕ ಹೂತೇ ಇದೆ."

ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಉರುಳಿ ಬಂದದ್ದು ಹೀಗೆ ನೆಟ್ಟಗೆ ಕೂರುತ್ತದೆಯೇ ಎಂದು ಮುಖಂಡ ಸೋಫ್ಯಾನ್‌ನನ್ನೇ ತಿರುಗಿ ಕೇಳಿದ. ಪಕ್ಕದವನು ಹೌದು ಅನ್ನಬೇಕಲ್ಲ ಎಂದು ಅಳತೆಯ ಹುಡುಗಿ ಹೇಳಿದಾಗ ಬ್ರಾಹಿಂ ಹೌದೆಂದು ತಲೆ ಆಡಿಸಿದ. ಬಾವುಟ ನನ್ನ ಪಕ್ಕದಲ್ಲೇ ನಿಂತಿತು. ಚಿಕ್ಕಪ್ಪನ ಜಾಗ ಕಡಿಮೆಯಾಯಿತಲ್ಲ ಎಂದು ಸೋಫ್ಯಾನ್ ಗೊಣಗಿದ. "ನನ್ನ ಜಾಗದಲ್ಲಿ ಸಮುದ್ರಕ್ಕೂ ಪಾಲು ಹೋಗಿರಬೇಕು" ಎಂದ ಬ್ರಾಹಿಂ.

ಮನೆ ಎದ್ದಿತು. ಸಿಮೆಂಟ್ ಗೋಡೆ, ತಗಡಿನ ಮಾಡು. ಕಂಬಗಳಿಲ್ಲ, ಎತ್ತರದ ಮೆಟ್ಟಿಲಿಲ್ಲ, ಬಾಗಿಲ ಮುಂದೆ ಒಂದೇ ಒಂದು ಮೆಟ್ಟಿಲು. ಆದರೂ ರೌಜಾ ಅದರ ಬುಡದಲ್ಲಿ ನನ್ನನ್ನು ಹೂತಳು. ಹೊಸ ಮನೆಯ ಕಂದೂರಿ ಊಟಕ್ಕೆ ಬ್ರಾಹಿಂ ಬಂದ. ಕಾಲು ತೊಳೆಯಲು ಬಗ್ಗಿದವನು ಸೌಟು ಹಿಡಿದು ಹಾಗೇ ನಿಂತ. ಎದುರಿಗೆ ಬರಿ ಮಣ್ಣಿನ ಬಣ್ಣ. ಗೆರೆ ಇಲ್ಲ. ಅವನು ಕತ್ತು ಚಾಚಿ ಹುಡುಕಿದ. ಗೆರೆ ಒಳಗಡೆ, ಮೆಟ್ಟಿಲಿನ ನೆರಳಿನಲ್ಲಿತ್ತು.

ಬಾಗಿಲಲ್ಲಿ ನಿಂತಿದ್ದ ರೌಜಾ ಇಳಿದು ಬಂದು ಅವನ ಕೈಯಿಂದ ಸೌಟು ತೆಗೆದುಕೊಂಡಳು.

"ಅಮ್ಮ ಯಾವಾಗಲೂ ಒಳಮುಖ ಇಡ್ತಿದ್ಲು, ಅಪಾ. ಬಂದವರಿಗೆ ಬಿರುಕು ಕಾಣಬಾರದು ಅಂತ."

ಬ್ರಾಹಿಂ ಗೆರೆಯಿದ್ದ ಕಡೆಯಿಂದ ಕಣ್ಣು ತೆಗೆದು ತನ್ನ ಪಾದ ನೋಡಿಕೊಂಡ. ಆಮೇಲೆ, "ಗಂಡಸರಿಗೆ ಇವೆಲ್ಲ ಹೇಗೆ ಗೊತ್ತಾಗಬೇಕು, ಮಗಳೇ" ಎಂದ.

ಅವಳು ಅವನ ಕಾಲಿಗೆ ನೀರು ಹಾಕಿದಳು. ಎಡಗಾಲಿಗೆ ಒಂದು ಸೌಟು ಹೆಚ್ಚು.

ಈಗ ನನಗೆ ವಯಸ್ಸಾಗಿದೆ. ಗೋಡೆಯ ಪಕ್ಕ ನಲ್ಲಿ ಬಂದಿದೆ, ಬಂದವರು ಚಪ್ಪಲಿ ಹೊರಗೆ ಬಿಟ್ಟು ಅಲ್ಲೇ ಕಾಲು ತೊಳೆಯುತ್ತಾರೆ. ನನ್ನಲ್ಲಿ ಮಳೆನೀರು ಇರುತ್ತದೆ, ಕೋಳಿಗಳು ಕುಡಿಯುತ್ತವೆ. ಅಪಾ ಬ್ರಾಹಿಂ ಮಸೀದಿಯ ಹಿಂದಿನ ಮಣ್ಣಿಗೆ ಸೇರಿ ಕೆಲವು ಮಳೆಗಾಲ ಆಯಿತು. ಅವನ ಉಳಿದ ಜಾಗ ಸೋಫ್ಯಾನ್‌ಗೆ ಹೋಗಿ, ಅಲ್ಲಿ ಕಾಫಿ ಅಂಗಡಿ ನಡೆಯುತ್ತಿದೆ. ವ್ಯಾಪಾರ ಚೆನ್ನಾಗಿದೆ. ನೆಲ ಯಾರದು ಎಂಬುದನ್ನು ನಾನು ತುಂಬ ಯೋಚಿಸಿದ್ದೇನೆ. ಕುಂಬಾರಗಿತ್ತಿಯ ಮಣ್ಣು, ಸಕ್ದಿಯಾಳ ಗುಂಡಿ, ಏಡಿಯ ಕೆಸರು, ಇಲ್ಲದ ಮಗಳ ಜಾಗ. ಎಲ್ಲ ಕಡೆಯೂ ನಾನು ಹೊಟ್ಟೆಯವರೆಗೆ ಇಳಿದು ಕೂತವಳು. ಆದರೂ ಉತ್ತರ ಸಿಕ್ಕಿದೆ ಎನ್ನಲಾರೆ.

ರೌಜಾಳ ಗಂಡ ಅದ್ನಾನ್ ಬೆಟ್ಟದ ಸೀಮೆಯವನು, ಮದುವೆಯಾಗಿ ಬಟ್ಟೆಯ ಗಂಟು ಹಿಡಿದು ಇಲ್ಲಿಗೆ ಬಂದವನು. ಮೊನ್ನೆ ಅವಳು ನನ್ನನ್ನು ಎತ್ತಿ, ಉಜ್ಜಿ, ಮತ್ತೆ ಗುಂಡಿಗೆ ಇಳಿಸುವಾಗ ಅವನು ಕೈ ಕೊಟ್ಟ. ಗೆರೆ ಹೊರಗೆ ಬರುವ ಹಾಗೆ ಇಟ್ಟ. ಅವಳು ತಿರುಗಿಸಿದಳು.

"ಚೆನ್ನಾಗಿ ಕಾಣುತ್ತೆ ಅಂತ ಇಟ್ಟೆ. ಒಳಗೇ ಯಾಕೆ, ಪೊ ರುಮೊ?" ಎಂದ ಅವನು. "ಏನಾದರೂ ಕತೆ ಇದೆಯಾ?"

ಅವಳ ಕೈ ನನ್ನ ಭುಜದ ಮೇಲಿತ್ತು. ಬೆರಳುಗಳು ಬಿಗಿಯಾದದ್ದು ನನಗೆ ತಿಳಿಯಿತು. ರಸ್ತೆಯ ಕಡೆಯಿಂದ ಸೋಫ್ಯಾನ್‌ನ ಅಂಗಡಿಯ ನಗು ಕೇಳಿಸುತ್ತಿತ್ತು. ಎದುರಿಗೆ, ದೂರದಲ್ಲಿ, ಇಳಿತದ ಕೆಸರು ಹೊಳೆಯುತ್ತಿತ್ತು. ಗಂಡನಿಗೆ ಹೇಳಬಹುದಿತ್ತು, ಅವನು ಒಳ್ಳೆಯವನು. ಅವಳು ಬಾಯಿ ತೆರೆದಳು ಕೂಡ. ಆಮೇಲೆ ಬೆರಳು ಸಡಿಲಾಯಿತು. ಇವನಿಗೂ ಹೇಳುವುದಿಲ್ಲ, ಮುಂದೆ ಹುಟ್ಟುವ ಮಗಳಿಗೂ ಇಲ್ಲ.

"ಅಮ್ಮ ಹಾಗೇ ಇಡ್ತಿದ್ಲು" ಎಂದು ಹೇಳಿ, ನನ್ನ ಸುತ್ತ ಮಣ್ಣು ಎಳೆದು, ಅಂಗೈಯಿಂದ ತಟ್ಟಿ ಗಟ್ಟಿ ಮಾಡಿದಳು.